ಕೋಳಿಗೂಡಿನ ಸುತ್ತ ಇಲಿ, ಹೆಗ್ಗಣ: ಪಾಷಾಣಕ್ಕೆ ಮುಂಚೆ ಮಾಡಬೇಕಾದ್ದು



ಕಳೆದ ಸಂಚಿಕೆಯಲ್ಲಿ ಬೇಸಿಗೆಯ ದಿನಗಳಲ್ಲಿ ಕೋಳಿಗಳನ್ನು ತಂಪಾಗಿಡುವ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ತಂಪಿನ ಮಾತೇ ಇಲ್ಲ. ಎಲ್ಲ ಇಲಿಯ ಮೇಲಿನ ದೂರು! ಅವುಗಳಲ್ಲಿ ಹೆಬ್ಬಗೋಡಿಯ ಕಡೆಯ ಸೋದರಿಯೊಬ್ಬರ ಕಾಗದ ನನ್ನನ್ನು ಎರಡು ದಿನ ಕಾಡಿತು. ಅವರ ಹೇಂಟೆ ಹನ್ನೊಂದು ಮರಿ ಮಾಡಿತ್ತಂತೆ. ಹತ್ತು ದಿನ ಕಳೆಯುವುದರೊಳಗೆ ಉಳಿದದ್ದು ನಾಲ್ಕೇ. ರಕ್ತದ ಕಲೆ ಇಲ್ಲ, ಒಂದು ಪುಕ್ಕವೂ ಬಿದ್ದಿಲ್ಲ, ಗೂಡಿನ ಮೂಲೆಯಲ್ಲಿ ಮುಷ್ಟಿಯಷ್ಟು ಅಗಲದ ಬಿಲ ಮಾತ್ರ. ಯಜಮಾನರು ಸಿಟ್ಟಿಗೆ ಅಂಗಡಿಯಿಂದ ಬಣ್ಣದ ಬಿಲ್ಲೆಯ ಇಲಿ ಪಾಷಾಣ ತಂದಿಟ್ಟಿದ್ದಾರೆ. ಹಿತ್ತಲಿನ ಶೀಟಿನ ಮನೆಯಲ್ಲಿ ಬಾಡಿಗೆಗಿರುವವರ ಹತ್ತು ತಿಂಗಳ ಮಗು ದಿನವಿಡೀ ಅಂಬೆಗಾಲಿಟ್ಟುಕೊಂಡು ಕೋಳಿಗಳ ಹಿಂದೆಯೇ ಇರುತ್ತದಂತೆ. "ಈ ಬಿಲ್ಲೆ ಎಲ್ಲಿ ಇಟ್ಟರೆ ಕ್ಷೇಮ, ಅಕ್ಕಾ?" ಅಂತ ಕೇಳಿದ್ದಾರೆ.

ಎಲ್ಲಿಯೂ ಇಡಬೇಡಿ, ತಂಗೀ. ಆ ಪೊಟ್ಟಣವನ್ನು ಹಾಗೇ ಬೀರುವಿನ ಮೇಲ್ತಟ್ಟಿನಲ್ಲಿಟ್ಟು ಬೀಗ ಹಾಕಿಬಿಡಿ. ಅದರ ಮಾತಿಗೆ ಆಮೇಲೆ ಬರೋಣ. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ಮಾಡದೆ ಪಾಷಾಣ ಇಟ್ಟರೆ ಇಂದು ಸತ್ತ ಇಲಿಯ ಜಾಗಕ್ಕೆ ಮುಂದಿನ ಅಮಾವಾಸ್ಯೆಯೊಳಗೆ ಬೇರೆ ಇಲಿ ಸಂಸಾರ ಸಮೇತ ಬಂದು ಕೂತಿರುತ್ತದೆ.

ಬರುವುದು ಯಾರು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ನಾವು ಎಲ್ಲವನ್ನೂ 'ಇಲಿ' ಅಂದುಬಿಡುತ್ತೇವೆ. ಆದರೆ ಹೆಂಚಿನ ಮೇಲೆ, ತೊಲೆಯ ಮೇಲೆ, ತೆಂಗಿನ ಮರದ ಮೇಲೆ ಓಡಾಡುವ ಉದ್ದ ಬಾಲದ ಮನೆ ಇಲಿಯೇ ಬೇರೆ, ನೆಲ ಬಗೆದು ಬಿಲದ ಬಾಯಲ್ಲಿ ಮಣ್ಣಿನ ಗುಡ್ಡೆ ಹಾಕುವ ಹೆಗ್ಗಣವೇ ಬೇರೆ. ಮೊದಲನೆಯದು ಸರ್ಕಸ್ಸಿನವರ ಹಾಗೆ ಹತ್ತುತ್ತದೆ. ಎರಡನೆಯದಕ್ಕೆ ಹತ್ತುವುದು ಅಷ್ಟಾಗಿ ಬಾರದು, ಆದರೆ ಅಗೆಯುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಹೆಗ್ಗಣದಲ್ಲೂ ಎರಡು ಬಗೆ. ಹೊಲದಲ್ಲಿ, ಚರಂಡಿಯಲ್ಲಿ ಇರುವ ಸಣ್ಣ ಜಾತಿ ಕಾಲು ಕೆಜಿ ತೂಗಿದರೆ ಹೆಚ್ಚು. ದೊಡ್ಡ ಜಾತಿಯದು ಒಂದು ಕೆಜಿಯವರೆಗೂ ಬೆಳೆಯುತ್ತದೆ. ಅದನ್ನು ಕಂಡರೆ ನಮ್ಮ ಬೀದಿಯ ಬೆಕ್ಕೇ ದಾರಿ ಬಿಟ್ಟುಕೊಡುತ್ತದೆ! ಇಂಗ್ಲಿಷಿನವರು ಇದಕ್ಕೆ 'ಬ್ಯಾಂಡಿಕೂಟ್' ಅನ್ನುತ್ತಾರೆ. ಆ ಮಾತು ಅವರಿಗೆ ಹೋದದ್ದು ತೆಲುಗಿನ 'ಪಂದಿಕೊಕ್ಕು' ಎಂಬುದರಿಂದ, ಅಂದರೆ ಹಂದಿ ಇಲಿ. ಹೆಸರಿಟ್ಟವರು ಅದನ್ನು ಹತ್ತಿರದಿಂದ ನೋಡಿಯೇ ಇಟ್ಟಿರಬೇಕು. ಇನ್ನು ಚೂಪು ಮೂತಿಯ, ಕೆಟ್ಟ ವಾಸನೆಯ, ಚಿಕ್‌ಚಿಕ್ ಎನ್ನುತ್ತ ಗೋಡೆಯ ಅಂಚಿನಲ್ಲಿ ಓಡುವ ಸೊಂಡಿಲಿ ಬಹುಮಟ್ಟಿಗೆ ಜಿರಲೆ, ಹುಳ ತಿನ್ನುವ ಪ್ರಾಣಿ. ಅದನ್ನು ಕಂಡೊಡನೆ ದೊಣ್ಣೆ ಹುಡುಕಬೇಡಿ.

ನಿಮ್ಮ ಹಿತ್ತಲಿಗೆ ಬರುವುದು ಯಾವುದೆಂದು ತಿಳಿಯಲು ಒಂದು ಸುಲಭ ಉಪಾಯ ಉಂಟು. ಸಂಜೆ ಕೋಳಿ ಕೂಡಿದ ಮೇಲೆ ಗೂಡಿನ ಸುತ್ತ ಒಂದು ಗೇಣು ಅಗಲಕ್ಕೆ ತೆಳ್ಳಗೆ ಒಲೆ ಬೂದಿಯನ್ನೋ ರಂಗೋಲಿ ಪುಡಿಯನ್ನೋ ಉದುರಿಸಿ. ಬೆಳಗ್ಗೆ ಎದ್ದು ಹೆಜ್ಜೆ ನೋಡಿ. ಎಲ್ಲಿಂದ ಬಂತು, ಎಲ್ಲಿ ನುಗ್ಗಿತು ಎಂಬುದೆಲ್ಲ ಪುಸ್ತಕ ಓದಿದ ಹಾಗೆ ಕಾಣುತ್ತದೆ. ಬೆಕ್ಕೋ ಮುಂಗುಸಿಯೋ ಬಂದಿದ್ದರೆ ಆ ಹೆಜ್ಜೆಯೂ ಸಿಗುತ್ತದೆ, ಸುಮ್ಮನೆ ಇಲಿಯ ಮೇಲೆ ಅಪವಾದ ಹೊರಿಸಿದಂತಾಗುವುದಿಲ್ಲ. ಬಿಲಗಳಿಗೂ ಹೀಗೆಯೇ. ಸಂಜೆ ಎಲ್ಲ ಬಿಲದ ಬಾಯಿಗೂ ಒಂದೊಂದು ಹಿಡಿ ಮಣ್ಣು ತುಂಬಿ ಕಾಲಲ್ಲಿ ಒತ್ತಿಬಿಡಿ. ಮಾರನೆಯ ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಸಂಸಾರ ನಡೆದಿದೆ ಎಂದು ಅರ್ಥ. ಬಿಲಕ್ಕೆ ಬರಿಗೈ ಹಾಕುವ ಸಾಹಸ ಮಾತ್ರ ಬೇಡ. ಇಲಿಯ ಹಿಂದೆಯೇ ಕೇರೆಹಾವು, ನಾಗರ ಬರುವುದು ಹಳ್ಳಿಯವರಿಗೆಲ್ಲ ಗೊತ್ತಿದ್ದದ್ದೇ. ಕತ್ತಲಾದ ಮೇಲೆ ಗೂಡಿನ ಹತ್ತಿರ ಹೋಗುವಾಗ ಕೈಯಲ್ಲಿ ಟಾರ್ಚು, ಕಾಲಲ್ಲಿ ಚಪ್ಪಲಿ ಇರಲಿ.

"ಮೊದಲೆಲ್ಲ ಇಷ್ಟು ಇರಲಿಲ್ಲ" ಎಂದು ಎಲ್ಲರೂ ಬರೆಯುತ್ತೀರಿ. ನಿಜ. ನಾನಿರುವುದು ಪೀಣ್ಯದ ಮಗ್ಗುಲಿನ ನೆಲಗದರನಹಳ್ಳಿಯಲ್ಲಿ. ನಮ್ಮ ಅತ್ತೆಯವರು ಮದುವೆಯಾಗಿ ಬಂದಾಗ ಇಲ್ಲಿ ರಾಗಿ ಹೊಲ, ಹುಚ್ಚೆಳ್ಳು, ಅವರೆ. ಆ ಕಡೆ ಎಲೆಕ್ಟ್ರಾನಿಕ್ ಸಿಟಿಯೂ ಹಾಗೆಯೇ. ಕಿಯೋನಿಕ್ಸಿನವರು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಅದನ್ನು ಶುರು ಮಾಡುವವರೆಗೆ ಅದೂ ಹಳ್ಳಿಯೇ. ಹೊಲ ಇದ್ದಾಗ ಹೆಗ್ಗಣಕ್ಕೆ ಸುಗ್ಗಿಯಲ್ಲಿ ಊಟ, ಮಿಕ್ಕ ಕಾಲದಲ್ಲಿ ಉಪವಾಸ. ಜೊತೆಗೆ ಹಾವು, ಗೂಬೆ, ಮುಂಗುಸಿಯ ಕಾಟ. ಈಗ ನೋಡಿ, ಹೊಲ ಹೋಗಿ ಚರಂಡಿ ಬಂತು. ಪಿ.ಜಿ. ಹಾಸ್ಟೆಲ್ಲು, ಮೆಸ್ಸು, ಕ್ಯಾಂಟೀನಿನ ಮಿಕ್ಕ ಅನ್ನ ಕತ್ತಲಲ್ಲಿ ಖಾಲಿ ಸೈಟಿಗೆ ಬೀಳುತ್ತದೆ. ವರ್ಷದ ಮುನ್ನೂರ ಅರವತ್ತೈದು ದಿನವೂ ಸುಗ್ಗಿಯೇ! ಅದು ಸಾಲದು ಅಂತ ಪಕ್ಕದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡಿದರೆ ಅಲ್ಲಿನ ಬಿಲದವೆಲ್ಲ ಒಂದೇ ರಾತ್ರಿ ನಮ್ಮ ಹಿತ್ತಲಿಗೆ ವಲಸೆ ಬರುತ್ತವೆ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರು, ವರ್ತೂರಿನ ಕಡೆ ನೀರು ನುಗ್ಗಿ ಜನ ದೋಣಿ, ಟ್ರ್ಯಾಕ್ಟರುಗಳಲ್ಲಿ ಓಡಾಡಿದರಲ್ಲ, ಅಂಥ ಹೊತ್ತಿನಲ್ಲಿ ಬಿಲದಲ್ಲಿರುವ ಜೀವಗಳೂ ಒಣ ಜಾಗ ಹುಡುಕಿಕೊಂಡು ಮನೆಯೊಳಕ್ಕೇ ಬರುತ್ತವೆ. ಅವುಗಳ ಸಂತಾನವೋ, ಕೇಳಲೇಬೇಡಿ. ಸುಮಾರು ಮೂರು ವಾರಕ್ಕೆ ಹೆರಿಗೆ, ಒಂದು ಸೂಲಿಗೆ ಆರರಿಂದ ಎಂಟು ಮರಿ, ಆ ಮರಿಗಳು ಮೂರು ತಿಂಗಳಿಗೆಲ್ಲ ತಾಯಂದಿರು.

ಹೀಗಿರುವಾಗ ಕೊಲ್ಲುವುದರಿಂದ ಗೆಲ್ಲುವುದು ಕಷ್ಟ. ಊಟ ತಪ್ಪಿಸಿದರೆ ಮಾತ್ರ ಸಾಧ್ಯ. ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಇಲಿ ದಿನಕ್ಕೆ ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲು ತಿನ್ನುತ್ತದೆ. ಕಾಲು ಕೆಜಿಯ ಹೆಗ್ಗಣ 25 ಗ್ರಾಂ ತಿಂದಿತು ಎನ್ನಿ. ನಾಲ್ಕೈದು ಹೆಗ್ಗಣ ಸೇರಿದರೆ ಒಂದು ಮೊಟ್ಟೆಕೋಳಿಯ ದಿನದ ಆಹಾರ ಮುಗಿಯಿತು. ತಿಂದದ್ದಕ್ಕಿಂತ ಹೇತು, ಉಚ್ಚೆ ಹೊಯ್ದು ಕೆಡಿಸಿದ್ದೇ ಹೆಚ್ಚು. ಅಂದರೆ ಎಂಟು ಕೋಳಿ ಸಾಕಿ ಒಂಬತ್ತು ಕೋಳಿಯ ಖರ್ಚು ಮಾಡುತ್ತಿದ್ದೀರಿ!

ಆದ್ದರಿಂದ ಮೇವನ್ನು ಬೆಳಗ್ಗೆ ಮತ್ತು ಮಧ್ಯಾಹ್ನ ಮೂರರ ಸುಮಾರಿಗೆ ಎರಡೇ ಸಲ ಹಾಕಿ, ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಗಿರಿರಾಜ, ಸ್ವರ್ಣಧಾರದಂತಹ ದೊಡ್ಡ ಮೈಯ ಕೋಳಿಗಳಿಗೆ (ಎರಡೂ ನಮ್ಮ ಹೆಬ್ಬಾಳದಲ್ಲಿ ರೂಪುಗೊಂಡ ತಳಿಗಳು) ನಾಟಿ ಕೋಳಿಗಿಂತ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ನೆಲಕ್ಕೆ ಚೆಲ್ಲದೆ ಅಗಲವಾದ ತಟ್ಟೆಯಲ್ಲೋ ಅಡಿಕೆ ಹಾಳೆಯಲ್ಲೋ ಹಾಕಿ. ಸಂಜೆ ಐದೂವರೆಗೆ ತಟ್ಟೆ ಎತ್ತಿ ತೊಳೆದಿಡಿ. ನೀರಿನ ಪಾತ್ರೆಯನ್ನೂ ರಾತ್ರಿ ಎತ್ತಿಬಿಡಿ, ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ, ಇಲಿ ಕುಡಿಯುತ್ತದೆ. ಮುದ್ದೆ, ಅನ್ನ, ಮುಸುರೆ ಏನಿದ್ದರೂ ಬೆಳಗಿನ ಹೊತ್ತು. ಸಂಜೆ ಒಂದು ಹಿಡಿ ರಾಗಿ ಎರಚಿ "ಬಾ ಬಾ" ಅಂತ ಗೂಡಿಗೆ ಕರೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆ ಹಿಡಿಯನ್ನು ಗೂಡಿನ ಒಳಗಡೆ ತಟ್ಟೆಯಲ್ಲಿ ಹಾಕಿ, ತಿಂದಾದ ಮೇಲೆ ತಟ್ಟೆ ತೆಗೆದುಕೊಂಡು ಬಾಗಿಲು ಹಾಕಿ. ಮೊಟ್ಟೆಯನ್ನು ಹೊತ್ತು ಮುಳುಗುವ ಮುಂಚೆ ತೆಗೆಯಿರಿ. ನುಚ್ಚು, ತೌಡು, ಮೇವಿನ ಚೀಲವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ನಿಶ್ಚಿಂತೆಯಾಗಿರಬೇಡಿ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಏನನ್ನಾದರೂ ಕಡಿಯುತ್ತಲೇ ಇರಬೇಕು. 15 ಕೆಜಿ ಎಣ್ಣೆಯ ತಗಡಿನ ಡಬ್ಬ, ಮೇಲೆ ಬಿಗಿ ಮುಚ್ಚಳ, ಅದರ ಮೇಲೊಂದು ಕಲ್ಲು. ಅಷ್ಟು ಸಾಕು.

ಈಗ ಗೂಡು. ಷಡ್ಭುಜದ ಕಣ್ಣಿನ ತೆಳು ಕೋಳಿ ಜಾಲರಿ ಕೋಳಿಯನ್ನು ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಇಲಿಯನ್ನು ಒಳಗೆ ಬಾರದಂತೆ ತಡೆಯುವುದಿಲ್ಲ. ನಮ್ಮ ಕಿರುಬೆರಳಿನಷ್ಟು ಸಂದಿ ಸಿಕ್ಕರೆ ಎಳೆಯ ಇಲಿ ನುಸುಳಿಬಿಡುತ್ತದೆ, ಸಣ್ಣ ಚಿಟ್ಟಿಲಿಗೆ ಪೆನ್ಸಿಲ್ ಹೋಗುವಷ್ಟು ತೂತು ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ 'ಅರ್ಧ ಇಂಚಿನ ವೆಲ್ಡ್ ಮೆಶ್' ಅಂತ ಕೇಳಿ ತನ್ನಿ. ಕಾಲಿಂಚಿನದು ಸಿಕ್ಕರೆ ಇನ್ನೂ ಒಳ್ಳೆಯದು. ಗೂಡಿಗೆ ನೆಲವೇ ತಳವಾಗಿದ್ದರೆ ಗೂಡಿನ ಸುತ್ತ ಒಂದಡಿ ಆಳ ತೋಡಿಸಿ, ಮೆಶ್ಶನ್ನು ಇಳಿಬಿಟ್ಟು, ಕೆಳತುದಿಯನ್ನು ಹೊರಕ್ಕೆ ಒಂದಡಿ ಮಡಚಿ ಮಣ್ಣು ಮುಚ್ಚಿಸಿ. ಹೆಗ್ಗಣ ಗೋಡೆಯ ಬುಡದಲ್ಲೇ ಅಗೆಯಲು ಶುರುಮಾಡುತ್ತದೆ. ಅಲ್ಲಿ ತಂತಿ ತಾಕಿದರೆ ಒಂದಡಿ ಹಿಂದೆ ಸರಿದು ಅಗೆಯಬೇಕೆಂಬ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ನಮ್ಮ ಪುಣ್ಯ! ಇದು ಖರ್ಚಿನ ಬಾಬತ್ತು ಅನ್ನುವವರು ಕಡಪ ಕಲ್ಲಿನ ಒಡೆದ ಚೂರುಗಳನ್ನು ಒತ್ತಾಗಿ ಹಾಸಿ ಸಿಮೆಂಟು ತುಂಬಿಸಬಹುದು. ಗ್ರಾನೈಟು, ಕಡಪ ಕತ್ತರಿಸುವ ಅಂಗಡಿಗಳಲ್ಲಿ ಇಂಥ ಚೂರು ಅಗ್ಗಕ್ಕೆ ಸಿಗುತ್ತದೆ. ಗೂಡನ್ನು ಎರಡಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ, ಪ್ರತಿ ಕಾಲಿಗೂ ತಗಡನ್ನು ಕೊಳವೆಯ ಹಾಗೆ ಸುತ್ತಿದರೆ ಹೆಗ್ಗಣದ ಗೊಡವೆ ಮುಗಿಯಿತು. ಹತ್ತುವ ಇಲಿಗೂ ನುಣುಪು ತಗಡಿನ ಮೇಲೆ ಹಿಡಿತ ಸಿಗುವುದಿಲ್ಲ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸುವುದನ್ನು ಮಾತ್ರ ಮರೆಯಬೇಡಿ. ಗೂಡಿನ ಸುತ್ತ ಮೂರಡಿ ಬೋಳಾಗಿರಲಿ. ಸೌದೆ ಒಟ್ಟು, ಇಟ್ಟಿಗೆ ರಾಶಿ, ಹಳೇ ಟೈರು, ಗೂಡಿನ ಮೇಲೆ ಬಾಗಿದ ಸೀಬೆ ಕೊಂಬೆ ಯಾವುದೂ ಬೇಡ. ಮರೆಯಿಲ್ಲದ ಬಯಲು ದಾಟಲು ಇಲಿ ಹೆದರುತ್ತದೆ.

ಮರಿಗಳ ವಿಷಯಕ್ಕೆ ಬೇರೆಯೇ ಎಚ್ಚರ ಬೇಕು. ದೊಡ್ಡ ಕೋಳಿಯ ಕಾಲುಬೆರಳನ್ನು ನಿದ್ದೆಯಲ್ಲಿ ಕಡಿದು ಗಾಯ ಮಾಡಬಹುದು, ಆದರೆ ಪಿಳ್ಳೆಗಳನ್ನು ಹೆಗ್ಗಣ ಸೀದಾ ಬಿಲಕ್ಕೆ ಎಳೆದೊಯ್ಯುತ್ತದೆ. ರಕ್ತ, ಪುಕ್ಕ ಕಾಣದಿರುವುದು ಅದಕ್ಕೇ. ಮಂಕರಿ ಕವುಚಿ ಮೇಲೊಂದು ಕಲ್ಲಿಟ್ಟರೆ ಆಯಿತು ಅಂದುಕೊಳ್ಳುತ್ತೇವೆ. ಮಣ್ಣಿನ ನೆಲದಲ್ಲಿ ಅದು ಮಂಕರಿಯ ಅಡಿಯಿಂದಲೇ ತೂತು ಕೊರೆಯುತ್ತದೆ. ಮಂಕರಿ ಕವುಚುವುದಾದರೆ ಕಲ್ಲು ಚಪ್ಪಡಿಯ ಮೇಲೆ ಕವುಚಿ. ಅದಕ್ಕಿಂತ ಒಳ್ಳೆಯದು, ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವ ಹಳೇ ಕಬ್ಬಿಣದ ಟ್ರಂಕು. ಮುಚ್ಚಳ ತೆಗೆಸಿ ಅದರ ಬದಲು ಮೆಶ್ಶಿನ ಚೌಕಟ್ಟು ಕೂರಿಸಿ, ಕೆಳಗೆ ಭತ್ತದ ಹೊಟ್ಟು ಹಾಸಿ. ತಾಯಿ, ಮರಿ ಸಮೇತ ಐದು ವಾರ ರಾತ್ರಿ ಹೊತ್ತು ಅದರಲ್ಲಿಡಿ. ಹೆಬ್ಬಗೋಡಿಯ ಸೋದರಿ ಇವತ್ತೇ ಮಾಡಬೇಕಾದ ಕೆಲಸ ಇದು. ಉಳಿದಿರುವ ನಾಲ್ಕು ಮರಿಯಾದರೂ ದಕ್ಕಲಿ.

ಇಷ್ಟು ಮಾಡಿದ ಮೇಲೆ ಬೋನಿಗೆ ಬೆಲೆ ಬರುತ್ತದೆ, ಏಕೆಂದರೆ ಹಸಿದ ಇಲಿಯೇ ಬೋನಿಗೆ ಬೀಳುವುದು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ತಂದ ದಿನವೇ ಕೊಕ್ಕೆ ಹಾಕಿ ಕೂತರೆ ಖಾಲಿ ಬೋನೇ ಗತಿ. ಮೊದಲ ಮೂರು ನಾಲ್ಕು ರಾತ್ರಿ ಬಾಗಿಲನ್ನು ತಂತಿಯಿಂದ ಕಟ್ಟಿ ತೆರೆದೇ ಇಡಿ, ಒಳಗೆ ಸುಟ್ಟ ಕೊಬ್ಬರಿ ಚೂರು, ಮಸಾಲೆ ವಡೆ ಅಥವಾ ಒಣಮೀನಿನ ತುಂಡು ಇರಲಿ. ನಿರ್ಭಯವಾಗಿ ತಿಂದು ಹೋಗಲಿ. ಐದನೆಯ ರಾತ್ರಿ ಕೊಕ್ಕೆ ಹಾಕಿ. ಬೋನು ಅಂಗಳದ ನಡುವೆ ಬೇಡ, ಗೋಡೆಗೆ ಒತ್ತಿಕೊಂಡಿರಲಿ, ಅವು ಗೋಡೆಯ ಅಂಚು ಹಿಡಿದೇ ಓಡುವುದು. ಒಂದು ಬೋನಿನಿಂದ ಪ್ರಯೋಜನ ಕಡಿಮೆ. ನಮ್ಮ ಗಲ್ಲಿಯಲ್ಲಿ ಐದು ಮನೆಯವರು ಮಾತಾಡಿಕೊಂಡು ಒಂದೇ ರಾತ್ರಿ ಎಂಟು ಬೋನು ಇಟ್ಟೆವು, ಬೆಳಗ್ಗೆ ಆರರಲ್ಲಿ ಬಿದ್ದಿದ್ದವು. ಹಿಡಿದದ್ದನ್ನು ಪಕ್ಕದ ಬೀದಿಯಲ್ಲಿ ಬಿಟ್ಟು ಬರುವ ಪುಣ್ಯಾತ್ಮರೂ ಇದ್ದಾರೆ, ಅದು ಸೊಸೆಯ ಮೇಲಿನ ದೂರನ್ನು ಬೀಗರ ಮನೆಗೆ ದಾಟಿಸಿದ ಹಾಗೆ. ನಮ್ಮ ಅತ್ತೆಯವರು ಗಣಪತಿಯ ವಾಹನ ಅಂತ ಬೋನು ಇಟ್ಟ ದಿನ ಹಿತ್ತಲಿಗೇ ಬರುವುದಿಲ್ಲ. ಮನೆಯ ಗಂಡಸರೇ ಆ ಕೆಲಸ ಮುಗಿಸಲಿ. ಸತ್ತದ್ದನ್ನು ಬರಿಗೈಲಿ ಮುಟ್ಟದೆ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ಎತ್ತಿ ಆಳವಾಗಿ ಹೂಳಲಿ. ಅಂಟಿನ ಹಲಗೆ ಬೇಡವೇ ಬೇಡ. ಅದಕ್ಕೆ ಇಲಿಗಿಂತ ಮೊದಲು ಕೋಳಿ ಪಿಳ್ಳೆ, ಹಲ್ಲಿ, ಓತಿಕ್ಯಾತ ಅಂಟಿಕೊಂಡು ನರಳುತ್ತವೆ. ನುಸಿಗುಳಿಗೆ ಎಸೆಯುವುದೂ ನಿಷ್ಫಲ, ಮೇಲಾಗಿ ಕೋಳಿ ಕುಕ್ಕಿದರೆ ಅದಕ್ಕೇ ವಿಷ. ಇನ್ನೊಂದು ಮಾತು. ಕಣಜದ ಗೂಬೆ ತೆಂಗಿನ ಮರದಲ್ಲಿ ಕೂತರೆ ಅಪಶಕುನ ಅಂತ ಕಲ್ಲು ಹೊಡೆಯಬೇಡಿ. ರಾತ್ರಿಯಿಡೀ ಸಂಬಳವಿಲ್ಲದೆ ಇಲಿ ಹಿಡಿಯುವ ಕೆಲಸ ಅದರದು.

ಈಗ ಆ ಬೀಗ ಹಾಕಿಟ್ಟ ಪೊಟ್ಟಣದ ಮಾತು. ಅಂಗಡಿಯಲ್ಲಿ ಸಿಗುವ ಬಣ್ಣದ ಬಿಲ್ಲೆ ಬಹುಪಾಲು ಬ್ರೋಮಾಡಿಯೋಲೋನ್ ಎಂಬುದು. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ತೂಕಡಿಸುತ್ತಾ ಓಡಾಡುತ್ತದೆ. ಅದನ್ನು ಬೆಕ್ಕು ಹಿಡಿಯಿತು, ಗೂಬೆ ಹಿಡಿಯಿತು, ವಿಷ ಅವಕ್ಕೂ ಏರಿತು. ಕೋಳಿಯೂ ಸಣ್ಣ ಇಲಿ ಸಿಕ್ಕರೆ ಕುಕ್ಕಿ ನುಂಗುವ ಪ್ರಾಣಿಯೇ ಎಂಬುದು ನಿಮಗೆ ಗೊತ್ತು. ಆಮೇಲೆ ಅದರ ಮೊಟ್ಟೆ ತಿನ್ನುವವರು ನಾವು, ನಮ್ಮ ಮಕ್ಕಳು. ಕಪ್ಪು ಪುಡಿಯ ರೂಪದಲ್ಲಿ ಸಿಗುವ ಜಿಂಕ್ ಫಾಸ್ಫೈಡ್ ಇನ್ನೂ ಘೋರ. ಹಿಟ್ಟಿನುಂಡೆಯಲ್ಲಿ ಕಲಸಿ ಇಡುತ್ತಾರೆ, ಹೊಟ್ಟೆ ಸೇರಿದ ಕೂಡಲೇ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ಪ್ರತಿಮದ್ದೇ ಇಲ್ಲ. ಹಿಟ್ಟಿನುಂಡೆಗೂ ರಾಗಿ ಮುದ್ದೆಯ ಚೂರಿಗೂ ಕೋಳಿ ಏನು ಭೇದ ಕಂಡೀತು? ಬಣ್ಣದ ಬಿಲ್ಲೆಗೂ ಪೆಪ್ಪರಮಿಂಟಿಗೂ ಹತ್ತು ತಿಂಗಳ ಮಗು ಏನು ಭೇದ ಕಂಡೀತು?

ಬೋನಿನಿಂದಲೂ ಬಗ್ಗದಷ್ಟು ಹಾವಳಿ ಇದ್ದರೆ, ಮಕ್ಕಳೂ ಕೋಳಿಯೂ ಹೋಗದ ಜಾಗದಲ್ಲಿ, ಬೀಗವಿರುವ ಇಲಿಪೆಟ್ಟಿಗೆಯೊಳಗೆ ಬಿಲ್ಲೆಯನ್ನು ತಂತಿಯಿಂದ ಕಟ್ಟಿ ಇಡಬೇಕು, ದಿನಾ ಎಣಿಸಬೇಕು, ಸತ್ತದ್ದನ್ನು ಹುಡುಕಿ ಹೂಳಬೇಕು. ಇಷ್ಟು ಮಾಡಲು ಆಗದಿದ್ದರೆ ಆ ಸಹವಾಸವೇ ಬೇಡ. ಆ ಬಾಡಿಗೆ ಮನೆಯ ತಾಯಿಗೂ ವಿಷಯ ತಿಳಿದಿರಲಿ, ಅವರ ಮಗು ಅದು. ಅಕಸ್ಮಾತ್ ಮಗು ಬಾಯಿಗೆ ಹಾಕಿಕೊಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ತುಪ್ಪ ಕುಡಿಸುವುದು ಬೇಡ. ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ. "ಆಟ ಆಡ್ತಾ ಇದೆ, ಏನೂ ಆಗಿಲ್ಲ" ಅಂತ ಕೂರಬಾರದು. ಬಿಲ್ಲೆಯ ವಿಷ ಎರಡು ಮೂರು ದಿನವಾದ ಮೇಲೆ ತೋರುವಂಥದು, ಬೇಗ ಹೋದರೆ ವಿಟಮಿನ್ ಕೆ ಕೊಟ್ಟು ಉಳಿಸಿಕೊಳ್ಳುತ್ತಾರೆ.

ಪಕ್ಕದ ಖಾಲಿ ಸೈಟಿಗೆ ಏನು ಮಾಡುವುದು? ಒಬ್ಬರೇ ಹೋಗಿ ಹೇಳಿದರೆ ಯಾರೂ ಕೇಳುವುದಿಲ್ಲ. ಗಲ್ಲಿಯ ನಾಲ್ಕಾರು ಹೆಂಗಸರು ಜೊತೆಯಾಗಿ ಪಿ.ಜಿ. ನಡೆಸುವವರ ಬಳಿ ಹೋಗಿ, ಮಿಕ್ಕ ಅನ್ನವನ್ನು ಮುಚ್ಚಳದ ಡಬ್ಬದಲ್ಲಿಟ್ಟು ಬೆಳಗಿನ ಕಸದ ಆಟೋಗೆ ಕೊಡುವಂತೆ ಕೇಳಿ. ಜಗಳದ ದನಿಯಲ್ಲಿ ಬೇಡ. ಅವರ ಅಡುಗೆಮನೆಗೂ ಹೆಗ್ಗಣ ಬರುತ್ತಿರುತ್ತದೆ, ಹೇಳಿದರೆ ಅರ್ಥವಾಗುತ್ತದೆ. ಅದೂ ಆಗದಿದ್ದರೆ ಎಲ್ಲರ ಸಹಿ ಹಾಕಿದ ಅರ್ಜಿ ಬರೆದು ಪಾಲಿಕೆಗೋ ಪಂಚಾಯ್ತಿಗೋ ಕೊಟ್ಟು, ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ.

ಇದನ್ನೆಲ್ಲ ಅತಿಯೆನ್ನುವವರು ನಮ್ಮ ಬೆಂಗಳೂರಿನದೇ ಕಥೆ ನೆನೆಯಲಿ. 1898ರಲ್ಲಿ ಇಲ್ಲಿಗೆ ಪ್ಲೇಗು ಬಂದಾಗ ಸಾವಿರಾರು ಜನ ಹೋದರು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಮಲ್ಲೇಶ್ವರ, ಬಸವನಗುಡಿ ಬೆಳೆಯಲು ಆ ಪ್ಲೇಗೂ ಒಂದು ಕಾರಣ. ಈಗ ಆ ಭಯವಿಲ್ಲ. ಆದರೆ ಇಲಿ ಜ್ವರ ಇದೆ. ಇಲಿಯ ಉಚ್ಚೆ ಸೇರಿದ ನೀರು, ಕೆಸರು ಕಾಲಿನ ಒಡಕಿನಿಂದ, ಗಾಯದಿಂದ ಮೈಗೆ ಸೇರಿ ಬರುವ ಜ್ವರ ಅದು. ಮಳೆಗಾಲದಲ್ಲಿ ಬರಿಗಾಲಲ್ಲಿ ಗೂಡು ಗುಡಿಸುವುದು ನಮ್ಮಲ್ಲಿ ರೂಢಿ. ಗಂಡಸರ ಹಳೇ ಗಂಬೂಟಾದರೂ ಸರಿ, ಹಾಕಿಕೊಳ್ಳಿ. ಒಣ ಹಿಕ್ಕೆಯನ್ನು ಪೊರಕೆಯಿಂದ ಧೂಳೆಬ್ಬಿಸದೆ, ಬ್ಲೀಚಿಂಗ್ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಥಟ್ಟನೆ ಜೋರು ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ "ಕೋಳಿ ಸಾಕಿದ್ದೇವೆ, ಇಲಿ ಕಾಟ ಇದೆ" ಎಂದು ಬಾಯಿ ಬಿಟ್ಟು ಹೇಳಿ. ಕೇಳದೆ ಅವರಿಗೂ ಗೊತ್ತಾಗುವುದಿಲ್ಲ.

ಇಲಿ ಓಡಾಡಿದ ಗೂಡಿನ ಮೊಟ್ಟೆ ತಿನ್ನಬಹುದೇ ಅಂತ ಇಬ್ಬರು ಕೇಳಿದ್ದೀರಿ. ಬಿರುಕು ಬಿಟ್ಟದ್ದು, ಹಲ್ಲಿನ ಗುರುತಿರುವುದು ತಿಪ್ಪೆಗೆ ಹೋಗಲಿ. ಬರೀ ಕೊಳೆಯಾಗಿದ್ದರೆ ಒಣ ಬಟ್ಟೆಯಿಂದ ಒರೆಸಿಡಿ. ತೊಳೆದು ಇಟ್ಟರೆ ಬೇಗ ಕೆಡುತ್ತದೆ, ಅಡುಗೆಗೆ ತೆಗೆದುಕೊಳ್ಳುವಾಗ ಬೆಚ್ಚನೆಯ ನೀರಿನಲ್ಲಿ ತೊಳೆಯಿರಿ. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ ತಿನ್ನಿ. ಮಕ್ಕಳಿಗೆ, ಬಸುರಿಯರಿಗೆ ಹಸಿ ಮೊಟ್ಟೆ, ಅರೆಬೆಂದ ಮೊಟ್ಟೆ ಕೊಡಬೇಡಿ.